ವಾಸ್ಸನ ಹಳ್ಳಿಯಿಂದ ಹೊರಟ ಹೆಸರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಇಂಗ್ಲಿಷ್ ಮನೆತನದ ಕಥೆ ಹೇಳಬೇಕು ಅಂತ ಬಂದಿದ್ದೇನೆ. ಮನೆತನದ ಹೆಸರು ನಿಮಗೆಲ್ಲ ಗೊತ್ತು: ವಾಷಿಂಗ್ಟನ್. ಅಮೆರಿಕದ ರಾಜಧಾನಿಯ ಹೆಸರು, ಅದರ ಮೊದಲ ಅಧ್ಯಕ್ಷನ ಹೆಸರು. ಆದರೆ ಈ ಕಥೆಯಲ್ಲಿ ಅಮೆರಿಕ ಬರುವುದು ತುಂಬ ತಡವಾಗಿ. ಅದಕ್ಕೂ ಮುಂಚೆ ಹತ್ತಿರ ಹತ್ತಿರ ಐನೂರು ವರ್ಷ ಈ ಹೆಸರು ಇಂಗ್ಲೆಂಡಿನೊಳಗೇ ಊರಿಂದ ಊರಿಗೆ ಅಲೆದಿದೆ.

ಒಂದು ಕಾಗದದಿಂದ ಶುರು ಮಾಡೋಣ. 1791ರ ಡಿಸೆಂಬರ್ ತಿಂಗಳು. ನಮ್ಮ ಕಡೆ ಆಗ ಯುದ್ಧ ನಡೆಯುತ್ತಿತ್ತು. ಕಾರ್ನ್‌ವಾಲಿಸ್‌ನ ಸೈನ್ಯ ಆ ವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದಿತ್ತು, ಡಿಸೆಂಬರ್‌ನಲ್ಲಿ ಸಾವನದುರ್ಗ ಹಿಡಿಯಿತು. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷ ಹಿಂದೆ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ನ ಸೈನ್ಯಕ್ಕೆ ಶರಣಾಗಿದ್ದವನು. ಇತ್ತ ಸಾವನದುರ್ಗದಲ್ಲಿ ಅವನ ಫಿರಂಗಿಗಳು ಸದ್ದು ಮಾಡುತ್ತಿದ್ದ ಅದೇ ತಿಂಗಳು, ಅತ್ತ ಲಂಡನ್ನಿನಿಂದ ಅಧ್ಯಕ್ಷ ವಾಷಿಂಗ್ಟನ್‌ಗೆ ಒಂದು ಪತ್ರ ಹೊರಟಿತು. ಬರೆದವರು ಸರ್ ಐಸಾಕ್ ಹರ್ಡ್. ಇಂಗ್ಲೆಂಡಿನ ಮನೆತನಗಳ ಲಾಂಛನ ಮತ್ತು ವಂಶಾವಳಿ ನೋಡಿಕೊಳ್ಳುವ ಅರಮನೆಯ ಮುಖ್ಯ ಅಧಿಕಾರಿ. ಅವರು ಕೇಳಿದ್ದು ಇಷ್ಟೇ: ನಿಮ್ಮ ಹಿರಿಯರು ಇಂಗ್ಲೆಂಡಿನ ಯಾವ ಊರಿನವರು?

ವಾಷಿಂಗ್ಟನ್ 1792ರ ಮೇ 2ರಂದು ಉತ್ತರ ಬರೆದ. ಈ ವಿಷಯಕ್ಕೆ ನಾನು ಅಷ್ಟೊಂದು ಗಮನ ಕೊಟ್ಟಿಲ್ಲ ಅಂತ ಒಪ್ಪಿಕೊಂಡ. ನಮ್ಮವರು ಉತ್ತರದ ಯಾವುದೋ ಜಿಲ್ಲೆಯಿಂದ ಬಂದವರು ಅಂತ ಹಿರಿಯರು ಹೇಳುತ್ತಿದ್ದರು, ಅದು ಲ್ಯಾಂಕಾಶೈರೋ, ಯಾರ್ಕ್‌ಶೈರೋ, ಇನ್ನೂ ಉತ್ತರಕ್ಕೋ, ಸರಿಯಾಗಿ ನೆನಪಿಲ್ಲ ಅಂದ. ದೇಶ ಕಟ್ಟಿದ ಮನುಷ್ಯನಿಗೆ ತನ್ನ ಮುತ್ತಜ್ಜ ಯಾವ ಊರು ಬಿಟ್ಟು ಬಂದ ಅನ್ನುವುದು ಗೊತ್ತಿರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ನಮ್ಮಲ್ಲೂ ಎಷ್ಟು ಜನಕ್ಕೆ ಮುತ್ತಜ್ಜನ ಹೆಸರು ಗೊತ್ತು ಹೇಳಿ?

ಆದರೆ ಉತ್ತರದವರು ಅನ್ನುವ ಆ ಮಸುಕು ನೆನಪಿದೆಯಲ್ಲ, ಅದು ನಿಜವಾಗಿತ್ತು. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಹಳೆಯ ಡರಮ್ ಸೀಮೆಯಲ್ಲಿ, ವಾಷಿಂಗ್ಟನ್ ಅನ್ನುವ ಒಂದು ಊರು ಇದೆ. ಈಗಲೂ ಇದೆ. ಹೆಸರು ಅಲ್ಲಿಂದ ಬಂತು.

ಈ ಹೆಸರಿಗೂ ಬಟ್ಟೆ ಒಗೆಯುವ ವಾಷಿಂಗ್‌ಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಟೂನ್ ಅಂದರೆ ಬೇಲಿ ಹಾಕಿದ ಜಾಗ, ಹೊಲಮನೆ, ಆಮೇಲೆ ಹಳ್ಳಿ. ನಡುವಿನ ಇಂಗ್ ಅಂದರೆ ಅವನಿಗೆ ಸೇರಿದ್ದು. ಮೊದಲಿಗೆ ಇರುವುದು ವಾಸ್ಸ ಅಥವಾ ಹ್ವಾಸ್ಸ ಅನ್ನುವ ಒಬ್ಬ ಮನುಷ್ಯನ ಹೆಸರು. ಅಂದರೆ ವಾಸ್ಸನ ಹಳ್ಳಿ. ನಮ್ಮ ತಿಮ್ಮನಹಳ್ಳಿ, ರಂಗಾಪುರ ಇದ್ದ ಹಾಗೆಯೇ. ಆ ವಾಸ್ಸ ಯಾರು, ಏನು ಮಾಡಿಕೊಂಡಿದ್ದ, ಯಾವ ಕಾಗದವೂ ಹೇಳುವುದಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಒಂದು ತುಂಡು ನೆಲ ಅವನದಾಗಿತ್ತು, ಅಷ್ಟೇ.

ಈಗ ಮನೆತನಕ್ಕೆ ಬರೋಣ. ಅದರ ಮೊದಲ ಗಟ್ಟಿ ದಾಖಲೆ 1183ರದು. ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ ರಾಜ 1086ರಲ್ಲಿ ಅಲ್ಲಿನ ಊರುಗಳನ್ನೆಲ್ಲ ಲೆಕ್ಕ ಹಾಕಿಸಿದ್ದ. ಆದರೆ ಆ ಲೆಕ್ಕದಲ್ಲಿ ಡರಮ್ ಸೀಮೆ ಸೇರಿರಲಿಲ್ಲ. ಹಾಗಾಗಿ ಸುಮಾರು ನೂರು ವರ್ಷ ಆದಮೇಲೆ ಅಲ್ಲಿನ ಬಿಷಪ್ ಹ್ಯೂ ತನ್ನ ಜಮೀನಿನ ಲೆಕ್ಕವನ್ನು ತಾನೇ ಬರೆಸಿದ. ಬೋಲ್ಡನ್ ಬುಕ್ ಅಂತ ಅದಕ್ಕೆ ಹೆಸರು. ಅದರಲ್ಲಿ ಒಂದು ನಮೂದು ಇದೆ. ಹಾರ್ಟ್‌ಬರ್ನ್ ಊರಿನ ವಿಲಿಯಂ ಎಂಬವನು ತನ್ನ ಊರನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ವಾಷಿಂಗ್ಟನ್ ಪಡೆದಿದ್ದಾನೆ. ಚರ್ಚು ಮತ್ತು ಚರ್ಚಿನ ಭೂಮಿ ಮಾತ್ರ ಅವನಿಗಿಲ್ಲ. ವರ್ಷಕ್ಕೆ 4 ಪೌಂಡ್ ಕೊಡಬೇಕು. ಬಿಷಪ್ಪನ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿ ಕರೆದುಕೊಂಡು ಹೋಗಬೇಕು.

ಈ ನಾಲ್ಕು ನಾಯಿಗಳು ನನಗೆ ತುಂಬ ಇಷ್ಟ. ನಮ್ಮಲ್ಲಿ ಉಂಬಳಿ ಪಡೆದವರು ದಂಡಿಗೆ ಇಷ್ಟು ಆಳು, ಇಷ್ಟು ಕುದುರೆ ಕಳಿಸಬೇಕಿತ್ತಲ್ಲ, ಅದೇ ರೀತಿ. ನೆಲ ಸುಮ್ನೆ ಸಿಗುತ್ತಿರಲಿಲ್ಲ.

ಈ ನಮೂದಿನಲ್ಲಿ ಇನ್ನೊಂದು ವಿಷಯ ಇದೆ. ಅವತ್ತಿನವರೆಗೆ ಈ ಮನುಷ್ಯ ಹಾರ್ಟ್‌ಬರ್ನ್‌ನ ವಿಲಿಯಂ. ಊರು ಬದಲಾಯಿಸಿದ ಮೇಲೆ ವಾಷಿಂಗ್ಟನ್‌ನ ವಿಲಿಯಂ ಆದ. ಆ ಕಾಲದಲ್ಲಿ ಅಡ್ಡಹೆಸರು ಅಂದರೆ ವಿಳಾಸ ಇದ್ದ ಹಾಗೆ. ಮನೆ ಬದಲಾದರೆ ಅದೂ ಬದಲಾಗುತ್ತಿತ್ತು. ಆ ವರ್ಗಾವಣೆ ನಡೆಯದೇ ಹೋಗಿದ್ದರೆ ಇವತ್ತು ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಆಗಿರುತ್ತಿತ್ತೋ ಏನೋ.

ಇಂಗ್ಲೆಂಡಿನಲ್ಲಿ ನಾರ್ಮನ್ನರು ಬರುವ ಮುಂಚೆ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಹೆಸರು. ಬಂದಮೇಲೆ ನಿಧಾನಕ್ಕೆ ಎರಡನೇ ಹೆಸರು ಅಂಟಿಕೊಳ್ಳತೊಡಗಿತು. ಮೊದಲು ಜಮೀನು ಇದ್ದವರಿಗೆ, ಆಮೇಲೆ ಉಳಿದವರಿಗೆ. ಕಮ್ಮಾರನಿಗೆ ಸ್ಮಿತ್, ಬಾಣ ಮಾಡುವವನಿಗೆ ಫ್ಲೆಚರ್, ಜಾನ್‌ನ ಮಗನಿಗೆ ಜಾನ್ಸನ್, ಗಿಡ್ಡನಿಗೆ ಶಾರ್ಟ್. ಊರಿನ ಹೆಸರು ಯಾವಾಗ ಬರುತ್ತದೆ? ಊರು ಬಿಟ್ಟಾಗ. ಊರಲ್ಲೇ ಇರುವವನನ್ನು ಯಾರೂ ಊರ ಹೆಸರಿಂದ ಕರೆಯುವುದಿಲ್ಲ, ಅಲ್ವಾ? ಹುಬ್ಬಳ್ಳಿಯಲ್ಲಿ ಎಲ್ಲರೂ ಹುಬ್ಬಳ್ಳಿಯವರೇ. ಬೇರೆ ಊರಿಗೆ ಹೋದಾಗಲೇ ಅವನು ಹುಬ್ಬಳ್ಳಿ ಆಗುವುದು. ಆದರೆ ಜಮೀನಿನ ಒಡೆಯನ ವಿಷಯ ಬೇರೆ. ಅವನು ಊರಲ್ಲೇ ಇದ್ದರೂ ಊರಿನ ಹೆಸರು ಹೊರುತ್ತಾನೆ, ಯಾಕಂದರೆ ಊರು ಅವನದು. ವಿಲಿಯಂನದು ಈ ಬಗೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದಕ್ಷಿಣದ ಸಸೆಕ್ಸ್‌ನಲ್ಲಿ ಇನ್ನೊಂದು ವಾಷಿಂಗ್ಟನ್ ಇದೆ. ಆ ಊರಿನಿಂದ ಹೊರಬಿದ್ದವನಿಗೂ ಅದೇ ಅಡ್ಡಹೆಸರು ಬಂದಿರಬಹುದು. ಹೆಸರು ಒಂದೇ, ಬೇರು ಬೇರೆ. ಅಡ್ಡಹೆಸರು ಕೂಡಿಬಂತು ಅಂತ ನೆಂಟಸ್ತನ ಹೇಳುವ ಹಾಗಿಲ್ಲ.

ಡರಮ್‌ನ ಮನೆತನ ಮುಂದೆ ಕವಲೊಡೆಯಿತು. ಒಬ್ಬ ಜಾನ್ 1416ರಿಂದ 1446ರವರೆಗೆ ಡರಮ್ ಕೆಥೆಡ್ರಲ್‌ನ ಮಠಕ್ಕೆ ಮುಖ್ಯಸ್ಥನಾಗಿದ್ದ. ಮಠದ ಹಳೆಯ ಕಾಗದಪತ್ರ ಜೋಡಿಸಿ, ಓದಿ, ಅದರ ಹಕ್ಕುಗಳ ಬಗ್ಗೆ ಬರೆದವನು ಅವನು. ಕಡತ ಹುಡುಕುವ ನಮ್ಮಂಥವರಿಗೆ ಅವನು ಹಿರಿಯಣ್ಣ ಇದ್ದಂತೆ. ಇನ್ನೊಂದು ಕವಲು ಪಶ್ಚಿಮಕ್ಕೆ ಹೋಗಿ ಲ್ಯಾಂಕಾಶೈರಿನ ವಾರ್ಟನ್‌ನಲ್ಲಿ ನೆಲೆಸಿತು. ಅಲ್ಲಿನ ಚರ್ಚಿನ ಗೋಪುರದಲ್ಲಿ ಮನೆತನದ ಲಾಂಛನ ಕೆತ್ತಿದ್ದಾರೆ. ಬಿಳಿ ಗುರಾಣಿ, ಅಡ್ಡಕ್ಕೆ ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ. ಅಮೆರಿಕದ ಬಾವುಟ ಇದರಿಂದಲೇ ಬಂತು ಅಂತ ತುಂಬ ಜನ ಹೇಳುತ್ತಾರೆ. ಅದಕ್ಕೆ ಆಧಾರ ಸಿಕ್ಕಿಲ್ಲ. ವಾಷಿಂಗ್ಟನ್ ನಗರದ ಬಾವುಟ ಮಾತ್ರ ನಿಜವಾಗಿಯೂ ಇದೇ. 1938ರಲ್ಲಿ ಅದನ್ನು ಒಪ್ಪಿಕೊಂಡರು.

ಆ ವಾರ್ಟನ್‌ನಿಂದ ಲಾರೆನ್ಸ್ ಅನ್ನುವವನು ದಕ್ಷಿಣಕ್ಕೆ ಬಂದ. ಉಣ್ಣೆ ವ್ಯಾಪಾರಿ. ನಾರ್ಥಾಂಪ್ಟನ್ ಪೇಟೆಗೆ ಎರಡು ಸಲ ಮೇಯರ್ ಆದ. 1539ರಲ್ಲಿ ಸಲ್‌ಗ್ರೇವ್ ಎಂಬ ಹಳ್ಳಿಯ ಜಮೀನು ಕೊಂಡು ಮನೆ ಕಟ್ಟಿದ. ಆ ಜಮೀನು ಒಂದು ಕ್ರೈಸ್ತ ಮಠದ್ದಾಗಿತ್ತು. ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡು ಮಾರುತ್ತಿದ್ದ ಕಾಲ ಅದು. ಅದನ್ನು ಮುಂದೆ ನಿಂತು ಮಾಡಿಸಿದವನು ಮಂತ್ರಿ ತಾಮಸ್ ಕ್ರಾಮ್‌ವೆಲ್. ಇದೇ ಕ್ರಾಮ್‌ವೆಲ್ 1538ರಲ್ಲಿ ಇನ್ನೊಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚಿನಲ್ಲೂ ಒಂದು ಪುಸ್ತಕ ಇಡಬೇಕು, ಅದರಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆಯಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರ ವಂಶ ಹುಡುಕಲು ಆಗುವುದಿದ್ದರೆ ಈ ಆಜ್ಞೆಯಿಂದಲೇ. ಅದಕ್ಕೂ ಹಿಂದೆ ಜಮೀನಿದ್ದವರ ಹೆಸರಷ್ಟೇ ಹೆಚ್ಚಾಗಿ ಕಾಗದದ ಮೇಲೆ ಉಳಿಯುತ್ತಿತ್ತು.

ಸಲ್‌ಗ್ರೇವ್‌ನ ಆ ಮನೆಯ ಮುಂದೆ ನಾನು ನಿಂತಿದ್ದೇನೆ. ಹೊರಬಾಗಿಲ ಮೇಲಿನ ಮೂಲೆಗಳಲ್ಲಿ ಕಲ್ಲಿನಲ್ಲಿ ಆ ಪಟ್ಟಿ, ಆ ನಕ್ಷತ್ರ ಕೆತ್ತಿದ್ದಾರೆ. ಕೈ ಎತ್ತಿದರೆ ಸಿಗುವಷ್ಟು ಹತ್ತಿರ. ಮಳೆಗಾಳಿಗೆ ಸವೆದಿದ್ದರೂ ಗುರುತು ಸಿಗುತ್ತದೆ. ಅಲ್ಲಿ ನಿಂತಾಗ, ಇದು ಅಧ್ಯಕ್ಷರ ಮನೆತನ ಅನ್ನುವುದಕ್ಕಿಂತ, ಉಣ್ಣೆ ಮಾರಿ ಮನೆ ಕಟ್ಟಿದ ಒಬ್ಬ ವ್ಯಾಪಾರಿಯ ಹೆಮ್ಮೆಯೇ ನನಗೆ ಜಾಸ್ತಿ ಕಂಡಿತು.

ಆ ಹೆಮ್ಮೆ ಬಹಳ ಕಾಲ ಉಳಿಯಲಿಲ್ಲ. ಎರಡೇ ತಲೆಮಾರಿನಲ್ಲಿ ಸಲ್‌ಗ್ರೇವ್ ಕೈಬಿಟ್ಟಿತು. ಮೊಮ್ಮಗನ ಹೆಸರೂ ಲಾರೆನ್ಸ್. ಅವನು 1616ರಲ್ಲಿ ತೀರಿಕೊಂಡ. ಗ್ರೇಟ್ ಬ್ರಿಂಗ್ಟನ್ ಚರ್ಚಿನೊಳಗೆ ಅವನ ಸಮಾಧಿಯ ಕಲ್ಲಿದೆ. ಅವನಿಗೆ 8 ಗಂಡು, 9 ಹೆಣ್ಣು ಮಕ್ಕಳು ಅಂತ ಅದರ ಮೇಲೆ ಬರೆದಿದೆ.

ಹದಿನೇಳು ಮಕ್ಕಳು. ಇಲ್ಲಿಯೇ ಹರ್ಡ್ ಅವರು ಎಡವಿದ್ದು. ಅವರಿಗೆ ಗೊತ್ತಿದ್ದ ವಿಷಯ: 1657ರ ಸುಮಾರಿಗೆ ಜಾನ್ ಮತ್ತು ಲಾರೆನ್ಸ್ ಎಂಬ ಅಣ್ಣತಮ್ಮಂದಿರು ಅಮೆರಿಕದ ವರ್ಜೀನಿಯಾಕ್ಕೆ ಬಂದರು. ಜಾನ್ ಅಂದರೆ ಅಧ್ಯಕ್ಷನ ಮುತ್ತಜ್ಜ. ಹರ್ಡ್ ಸಲ್‌ಗ್ರೇವ್ ವಂಶಾವಳಿ ತೆಗೆದು ನೋಡಿದರು. ಆ ಎಂಟು ಗಂಡುಮಕ್ಕಳಲ್ಲಿ ಒಬ್ಬ ಜಾನ್, ಒಬ್ಬ ಲಾರೆನ್ಸ್ ಇದ್ದರು. ಹೆಸರು ಕೂಡಿಬಂತು, ಗಂಟು ಹಾಕಿದರು. ಆ ವಂಶಾವಳಿ ಪುಸ್ತಕದಲ್ಲಿ ಅಚ್ಚಾಯಿತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಅದನ್ನೇ ನಂಬಿದರು.

ಅದನ್ನು ಬಿಚ್ಚಿದವರು ಜೋಸೆಫ್ ಲೆಮ್ಯುಯೆಲ್ ಚೆಸ್ಟರ್. ಅಮೆರಿಕದವರು, ಲಂಡನ್ನಿನಲ್ಲಿ ನೆಲೆಸಿ ಚರ್ಚಿನ ರಿಜಿಸ್ಟರುಗಳನ್ನು ನಕಲು ಮಾಡುತ್ತಾ ಬದುಕು ಕಳೆದವರು. 1866ರಲ್ಲಿ ಅವರು ತೋರಿಸಿಕೊಟ್ಟರು: ಸಲ್‌ಗ್ರೇವ್‌ನ ಆ ಜಾನ್ ಸರ್ ಪದವಿ ಪಡೆದು ಥ್ರಾಪ್‌ಸ್ಟನ್‌ನಲ್ಲಿ ಸಂಸಾರ ಮಾಡಿಕೊಂಡಿದ್ದವನು. ಆ ಲಾರೆನ್ಸ್ ಪಾದ್ರಿಯಾದವನು. ವರ್ಜೀನಿಯಾಕ್ಕೆ ಹೋದ ಅಣ್ಣತಮ್ಮಂದಿರು ಇವರಾಗಲು ಸಾಧ್ಯವೇ ಇಲ್ಲ. ಹಾಗಾದರೆ ಹೋದವರು ಯಾರು? ಚೆಸ್ಟರ್ 1882ರಲ್ಲಿ ತೀರಿಕೊಂಡರು. ಆ ಪ್ರಶ್ನೆಗೆ ಗಟ್ಟಿ ಸಾಕ್ಷಿಯ ಉತ್ತರ ಆಗಲೂ ಸಿಕ್ಕಿರಲಿಲ್ಲ. ಒಂದು ತಪ್ಪನ್ನು ತೆಗೆದುಹಾಕಿ ಜಾಗವನ್ನು ಖಾಲಿ ಬಿಟ್ಟರಲ್ಲ, ಅದೂ ದೊಡ್ಡ ಕೆಲಸ ಅಂತ ನನ್ನ ಅನಿಸಿಕೆ. ಬಾಯಿಗೆ ಬಂದ ಇನ್ನೊಂದು ಹೆಸರನ್ನು ಅಲ್ಲಿ ತುಂಬಿಸಲಿಲ್ಲ.

ಖಾಲಿ ಜಾಗ ತುಂಬಿದ್ದು 1889ರಲ್ಲಿ. ಹೆನ್ರಿ ವಾಟರ್ಸ್ ಎಂಬ ಇನ್ನೊಬ್ಬ ಅಮೆರಿಕದವರು ಲಂಡನ್ನಿನಲ್ಲಿ ವರ್ಷಗಟ್ಟಲೆ ಹಳೆಯ ಉಯಿಲುಗಳನ್ನು ಒಂದೊಂದಾಗಿ ಓದುತ್ತಿದ್ದರು. ಅದರಲ್ಲಿ ಟ್ರಿಂಗ್ ಎಂಬ ಊರಿನ ಆಂಡ್ರ್ಯೂ ನೌಲಿಂಗ್‌ನ ಉಯಿಲು ಸಿಕ್ಕಿತು. ಅವನು ತನ್ನ ಜಮೀನನ್ನು ಧರ್ಮಪುತ್ರ, ಅಂದರೆ ದೀಕ್ಷಾಸ್ನಾನದಲ್ಲಿ ತಾನು ಹೊಣೆ ಹೊತ್ತ ಹುಡುಗ, ಲಾರೆನ್ಸ್ ವಾಷಿಂಗ್ಟನ್‌ಗೆ ಬರೆದಿಟ್ಟಿದ್ದ. ಲಾರೆನ್ಸ್‌ನ ಒಡಹುಟ್ಟಿದವರಿಗೂ ದುಡ್ಡು ಇಟ್ಟಿದ್ದ. ಅವರಲ್ಲಿ ಒಬ್ಬ ಜಾನ್, ಒಬ್ಬಳು ಮಾರ್ಥಾ. ಈ ಮಕ್ಕಳ ತಾಯಿಯ ಹೆಸರು ಆಂಫಿಲಿಸ್. ನೌಲಿಂಗ್ ಅವಳಿಗೆ ಮಲತಂದೆ. ಟ್ರಿಂಗ್ ಚರ್ಚಿನ ರಿಜಿಸ್ಟರಿನಲ್ಲಿ 1635ರ ಜೂನ್‌ನಲ್ಲಿ ಈ ಲಾರೆನ್ಸ್‌ನ ದೀಕ್ಷಾಸ್ನಾನ ಬರೆದಿದೆ. ತಾಯಿ ಸತ್ತಮೇಲೆ ಅವಳ ಆಸ್ತಿಯ ಉಸ್ತುವಾರಿಯನ್ನು ಕೋರ್ಟು ಕೊಟ್ಟದ್ದು ಮಗ ಜಾನ್‌ಗೆ. ಅತ್ತ ವರ್ಜೀನಿಯಾದಲ್ಲಿ ಜಾನ್ ಬರೆದ ಉಯಿಲಿನಲ್ಲಿ ತಂಗಿ ಮಾರ್ಥಾಳ ಹೆಸರು ಬರುತ್ತದೆ. ಕಡಲಿನ ಎರಡೂ ದಡದ ಕಾಗದಗಳು ಒಂದಕ್ಕೊಂದು ಕೂಡಿದವು.

ಹಾಗಾದರೆ ತಂದೆ ಯಾರು? ಹರ್ಡ್ ಅವರು ವಲಸೆ ಹೋದವನು ಅಂದುಕೊಂಡಿದ್ದರಲ್ಲ, ಅದೇ ಪಾದ್ರಿ ಲಾರೆನ್ಸ್! ಅವರು ಊರು ಸರಿಯಾಗಿ ಹಿಡಿದಿದ್ದರು, ಮನೆಯನ್ನೂ ಸರಿಯಾಗಿ ಹಿಡಿದಿದ್ದರು. ತಪ್ಪಿದ್ದು ಒಂದು ತಲೆಮಾರು. ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಮೂವರಿಗೂ ಲಾರೆನ್ಸ್ ಅಂತ ಹೆಸರಿಟ್ಟರೆ ಹೀಗಾಗುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ವಂಶಾವಳಿ ಬರೆಯುವವರೂ ಇದನ್ನು ನೆನಪಿಡಬೇಕು.

ಈ ಪಾದ್ರಿಯ ಬಾಳು ದುಃಖದ್ದು. ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲ್ಲೇ ಕಾಲೇಜಿನಲ್ಲಿ ಸ್ಥಾನ ಪಡೆದವನು. ಆಮೇಲೆ ಎಸೆಕ್ಸ್‌ನ ಪರ್ಲಿ ಎಂಬ ಊರಿನ ಚರ್ಚು ಸಿಕ್ಕಿತು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಅವನು ರಾಜನ ಕಡೆಯವನು ಅನ್ನಿಸಿಕೊಂಡ. 1643ರಲ್ಲಿ ಪಾರ್ಲಿಮೆಂಟಿನವರು ಅವನನ್ನು ಕೆಲಸದಿಂದ ತೆಗೆದರು. ಹೆಂಡದಂಗಡಿಗೆ ಪದೇ ಪದೇ ಹೋಗುತ್ತಾನೆ ಅನ್ನುವುದು ಆರೋಪ. ಅವನು ಸಭ್ಯ ಮನುಷ್ಯ ಅಂತ ಹೇಳಿದವರೂ ಇದ್ದರು. ಬಡತನದಲ್ಲೇ ಸತ್ತ. ಮಾಲ್ಡನ್‌ನಲ್ಲಿ ಮಣ್ಣು ಮಾಡಿದರು. ಇಂಗ್ಲೆಂಡಿನಲ್ಲಿ ಮುಂದಿನ ದಾರಿ ಕಾಣದ ಮಕ್ಕಳು ಹಡಗು ಹತ್ತಿದರು.

ಅವನನ್ನು ಮಣ್ಣು ಮಾಡಿದ ವರ್ಷವನ್ನು ಕೆಲವು ಕಡೆ 1652 ಅಂತ, ಕೆಲವು ಕಡೆ 1653 ಅಂತ ನೋಡುತ್ತೀರಿ. ಎರಡೂ ಸರಿ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ ಅಂದರೆ ಇನ್ನೂ ಹಳೆಯ ವರ್ಷ. 1752ರಲ್ಲಿ ಕ್ಯಾಲೆಂಡರ್ ಬದಲಾಯಿತು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನವೇ ಹಾಗೆ: ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ಇದು ಗೊತ್ತಿಲ್ಲದೆ ರಿಜಿಸ್ಟರ್ ಓದಿದರೆ ಮಗು ಅಪ್ಪ ಅಮ್ಮನ ಮದುವೆಗೆ ಮುಂಚೆಯೇ ಹುಟ್ಟಿದ ಹಾಗೆ ಕಾಣುತ್ತದೆ! ಕಾಗುಣಿತದ ಕಥೆಯೂ ಅಷ್ಟೇ. ಟ್ರಿಂಗ್‌ನ ರಿಜಿಸ್ಟರಿನಲ್ಲಿ ಇವರು ಒಮ್ಮೆ ವಾಷಿಂಗ್ಟನ್, ಇನ್ನೊಮ್ಮೆ ವಾಷೆನ್‌ಟನ್. ಬರೆಯುವವನ ಕಿವಿಗೆ ಬಿದ್ದದ್ದೇ ಹೆಸರು.

ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ಕಷ್ಟ ಯಾಕೆ, ಈಗ ಡಿಎನ್ಎ ಟೆಸ್ಟ್ ಇದೆಯಲ್ಲ? ಒಳ್ಳೆಯ ಪ್ರಶ್ನೆ. ವೈ ಕ್ರೋಮೊಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ. ಇಂಗ್ಲಿಷ್ ಅಡ್ಡಹೆಸರೂ ಹಾಗೇ ಹೋಗುತ್ತದೆ. ಅದಕ್ಕೇ ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ತಮ್ಮ ಸ್ಯಾಮ್ಯುಯೆಲ್‌ನ ಸಂತತಿ ಇದೆ. ಅವರಲ್ಲಿ ಒಬ್ಬರ ಡಿಎನ್ಎ ಇಟ್ಟುಕೊಂಡು, ಗುರುತಿಲ್ಲದ ಗೋರಿಗಳಲ್ಲಿದ್ದ ಸ್ಯಾಮ್ಯುಯೆಲ್‌ನ ಇಬ್ಬರು ಮೊಮ್ಮಕ್ಕಳ ಮೂಳೆಗಳನ್ನು ಪತ್ತೆ ಮಾಡಿದ ಸುದ್ದಿ 2024ರಲ್ಲಿ ಪ್ರಕಟವಾಯಿತು. ಆದರೆ ನಾಲ್ಕು ನಾಯಿ, ಆಂಫಿಲಿಸ್, ಹೆಂಡದಂಗಡಿಯ ಆರೋಪ, ಇವನ್ನೆಲ್ಲ ಡಿಎನ್ಎ ಹೇಳುವುದಿಲ್ಲ. ಅದನ್ನು ಕಾಗದವೇ ಹೇಳಬೇಕು.

ಡಿಎನ್ಎ ಹೇಳದ ಇನ್ನೂ ಒಂದು ವಿಷಯ ಇದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದದ್ದು ಅದನ್ನೇ.

ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಅಡ್ಡಹೆಸರಿನವರು ಸುಮಾರು 1 ಲಕ್ಷ 63 ಸಾವಿರ ಜನ ಇದ್ದರು. ಅವರಲ್ಲಿ 100ಕ್ಕೆ 90 ಮಂದಿ ಕಪ್ಪು ಜನ. ಡರಮ್‌ನ ವಿಲಿಯಂ ಹೊತ್ತ ಹೆಸರು ಇವತ್ತು ಹೆಚ್ಚಾಗಿ ಇರುವುದು ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು ಮರಿಮಕ್ಕಳಲ್ಲಿ. ಕೆಲವರಿಗೆ ಹೆಸರು ಒಡೆಯರ ಕಡೆಯಿಂದ ಅಂಟಿರಬಹುದು. ತುಂಬ ಜನ ತಾವೇ ಆರಿಸಿಕೊಂಡರು. ಬುಕರ್ ಟಿ. ವಾಷಿಂಗ್ಟನ್ ಅವರು ಹುಟ್ಟಿದ್ದು ಗುಲಾಮಗಿರಿಯಲ್ಲಿ. ಬಿಡುಗಡೆಯ ನಂತರ ಶಾಲೆಗೆ ಹೋದರು. ಹಾಜರಿ ಕರೆಯುವಾಗ ಬೇರೆ ಮಕ್ಕಳಿಗೆಲ್ಲ ಎರಡು ಹೆಸರಿದ್ದವು, ಇವರಿಗೆ ಒಂದೇ. ಮೇಷ್ಟ್ರು ಕೇಳಿದಾಗ ಬುಕರ್ ವಾಷಿಂಗ್ಟನ್ ಅಂತ ಹೇಳಿಬಿಟ್ಟರು. ಅವತ್ತಿನಿಂದ ಅದೇ ಅವರ ಹೆಸರು. ವಿಲಿಯಂ ಊರು ಬದಲಾಯಿಸಿ ಹೆಸರು ಪಡೆದ, ಈ ಹುಡುಗ ಶಾಲೆಯ ಬೆಂಚಿನ ಮೇಲೆ ಕುಳಿತು ಪಡೆದ. ಎರಡೂ ನಿಜವಾದ ಹೆಸರೇ. ಒಂದು ಅಸಲಿ, ಇನ್ನೊಂದು ಎರವಲು ಅಂತ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ವಂಶ ಹುಡುಕಲು ಹೊರಟರೆ ಇಬ್ಬರ ದಾರಿಯೂ ಒಂದೇ ಥರ ಇರುವುದಿಲ್ಲ. ಆಂಫಿಲಿಸ್‌ನ ಮಗುವಿಗೆ 1635ರಲ್ಲಿ ನೀರು ಚಿಮುಕಿಸಿದ್ದು ಬರಹದಲ್ಲಿದೆ. ಗುಲಾಮರಾಗಿದ್ದವರಲ್ಲಿ ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಮೊದಲ ಸಲ ಬರುವುದು 1870ರಲ್ಲಿ. ಅದರ ಹಿಂದಿನ 1850, 1860ರ ಪಟ್ಟಿಗಳಲ್ಲಿ ಒಡೆಯನ ಹೆಸರು ಇರುತ್ತದೆ. ಅದರ ಕೆಳಗೆ ಗಂಡು, 30, ಹೆಣ್ಣು, 25, ಹೆಣ್ಣು, 4. ಅಷ್ಟೇ. ಹುಡುಕುತ್ತಾ ಬಂದವರು ಅಲ್ಲಿ ಗೋಡೆಗೆ ಹಣೆ ತಾಗಿಸಿಕೊಂಡ ಹಾಗೆ ನಿಂತುಬಿಡುತ್ತಾರೆ.

ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕಿಂಡಿ ಇದೆ. ಒಂದು ಕಿಂಡಿ ಜಾರ್ಜ್ ವಾಷಿಂಗ್ಟನ್‌ನ ಎಸ್ಟೇಟು ಮೌಂಟ್ ವರ್ನನ್‌ನಲ್ಲಿದೆ. 1799ರಲ್ಲಿ, ತಾನು ಸಾಯುವ ಕೆಲವು ತಿಂಗಳ ಮುಂಚೆ, ಜಾರ್ಜ್ ವಾಷಿಂಗ್ಟನ್ ತನ್ನ ಎಸ್ಟೇಟಿನಲ್ಲಿದ್ದ ಗುಲಾಮರ ಪಟ್ಟಿಯನ್ನು ಕೈಯಾರೆ ಬರೆದ. 317 ಜನ. ಯಾವ ತೋಟದಲ್ಲಿದ್ದಾರೆ, ಏನು ಕೆಲಸ, ಗಂಡ ಯಾರು, ಹೆಂಡತಿ ಯಾರು, ಮಕ್ಕಳ ತಾಯಿ ಯಾರು, ಎಲ್ಲವನ್ನೂ ಬರೆದ. ಉಯಿಲು ಮಾಡುವುದಕ್ಕೆ ಈ ಲೆಕ್ಕ ಬೇಕಿತ್ತು. ತನಗೆ ಸೇರಿದ 120ಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿ ಬರೆದ. ಉಳಿದವರಲ್ಲಿ ಹೆಚ್ಚಿನವರು ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಯ ಲೆಕ್ಕದವರು. ಅವರಿಗೆ ಬಿಡುಗಡೆ ಸಿಗಲಿಲ್ಲ. ಗಂಡ ಒಂದು ಲೆಕ್ಕದಲ್ಲಿ, ಹೆಂಡತಿ ಇನ್ನೊಂದು ಲೆಕ್ಕದಲ್ಲಿ ಇದ್ದ ಸಂಸಾರಗಳು ಒಡೆದವು. ಬಡಗಿ ಐಸಾಕ್, ಅವನ ಹೆಂಡತಿ ಕಿಟ್ಟಿ ಅಂಥವರು. ಮಕ್ಕಳು ತಾಯಿಯ ಲೆಕ್ಕಕ್ಕೆ ಹೋದರು.

ತನ್ನ ಹಿರಿಯರ ಬಗ್ಗೆ ಅಷ್ಟೊಂದು ಗಮನ ಕೊಟ್ಟಿಲ್ಲ ಅಂತ 1792ರಲ್ಲಿ ಬರೆದವನ ಅಕ್ಷರವೇ ಅದು. ಆ ಪಟ್ಟಿಯಲ್ಲಿ ಹೆಚ್ಚಿನವರಿಗೆ ಅಡ್ಡಹೆಸರಿಲ್ಲ. ಆದರೂ ಅವರ ಸಂತತಿಯವರು ಇವತ್ತು ಅದನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. ಅವರ ಪಾಲಿಗೆ ಟ್ರಿಂಗ್ ಚರ್ಚಿನ ರಿಜಿಸ್ಟರ್ ಅಂದರೆ ಅದೇ.